ಗೆರೆ ದಾಟಿದ ನಟ್ಟು

ಬಸ್ಸಿನಲ್ಲಿ ಟಿಕೆಟ್ ಇಲ್ಲದವನು ಕಿಟಕಿಯಾಚೆ ನೋಡುತ್ತಾನೆ ಎಂಬುದು ಹೊಸಬರ ನಂಬಿಕೆ. ಚೆಕಿಂಗ್ ಅಕ್ಕ ಅದನ್ನು ಒಪ್ಪುವುದಿಲ್ಲ. ಕಿಟಕಿಯಾಚೆ ನೋಡುವವನು ಮನೆಯ ಚಿಂತೆಯಲ್ಲಿರುತ್ತಾನೆ, ಪಾಪ. ಟಿಕೆಟ್ ಇಲ್ಲದವನು ಮಾತ್ರ ಕಣ್ಣಲ್ಲಿ ಕಣ್ಣಿಟ್ಟು, ಸ್ವಲ್ಪ ನಕ್ಕು, ಸೀಟಿನಲ್ಲಿ ಒಂದಿಷ್ಟು ಜರುಗಿ, "ಬನ್ನಿ ಮೇಡಂ, ಕೂತ್ಕೊಳ್ಳಿ" ಅನ್ನುತ್ತಾನೆ. ಅರ್ಧ ಆಯಸ್ಸನ್ನು ಓಡುವ ಬಸ್ಸುಗಳಲ್ಲಿ ನಿಂತೇ ಕಳೆದ ಅವಳಿಗೆ, ಯಾರಾದರೂ ಸುಮ್ಮಸುಮ್ಮನೆ ಒಳ್ಳೆಯವರಾದರೆ ತಕ್ಷಣ ಅನುಮಾನ ಬರುತ್ತದೆ.

ಟಿಕೆಟ್ ತಪಾಸಣೆ ಅವಳ ಕೆಲಸ. ಯಾರೂ ನಿರೀಕ್ಷಿಸದ ನಿಲ್ದಾಣದಲ್ಲಿ ಮರದ ಮರೆಗೋ ಅಂಗಡಿಯ ಮರೆಗೋ ನಿಂತಿದ್ದು, ಬಸ್ಸು ವೇಗ ತಗ್ಗಿಸಿದ ಕೂಡಲೇ ಬಾಗಿಲಿನ ಕಂಬಿ ಹಿಡಿದು ಹತ್ತಿಬಿಡಬೇಕು. ಪೂರ್ತಿ ನಿಲ್ಲುವ ತನಕ ಕಾದರೆ ಕಳ್ಳ ಇನ್ನೊಂದು ಬಾಗಿಲಿನಿಂದ ಇಳಿದಿರುತ್ತಾನೆ. ಎಡಗೈಯಲ್ಲಿ ಚೀಲ, ಬಲಗೈಯಲ್ಲಿ ಕಂಬಿ. ಆ ಬಲಗೈಯ ಹಿಡಿತವೇ ಅವಳ ನೌಕರಿ. ಅದು ಒಮ್ಮೆ ಜಾರಿದರೆ ನೌಕರಿಯೂ ಇಲ್ಲ, ಬಹುಶಃ ಅವಳೂ ಇಲ್ಲ.

ಸಂಜೆ ನೀಲಿ ಕೋಟನ್ನು ಮೊಳೆಗೆ ತೂಗುಹಾಕಿದರೂ ಅನುಮಾನ ಮೈಮೇಲೇ ಉಳಿಯುತ್ತದೆ. ಹಾಲಿನ ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ. ತರಕಾರಿ ತೂಗುವವನ ಬೆರಳು ತಕ್ಕಡಿಯ ಹತ್ತಿರ ಸುಳಿದರೆ ಗಂಟಲು ಸರಿಮಾಡಿಕೊಳ್ಳುತ್ತಾಳೆ. ಪಕ್ಕದ ಮನೆಯಾಕೆ "ಊಟ ಆಯ್ತಾ?" ಅಂದರೆ ಸಾಕು, ಮತ್ತೆ ಏಣಿ ಕೇಳುವುದಕ್ಕೇ ಈ ಪೀಠಿಕೆ ಎಂದು ಯೋಚಿಸುತ್ತಾಳೆ.

ಇಡೀ ಲೋಕದಲ್ಲಿ ಅವಳು ಟಿಕೆಟ್ ಕೇಳದೆ ಬಿಟ್ಟವನು ಒಬ್ಬನೇ, ಗಂಡ. ಅವನು ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಹಗಲೆಲ್ಲ ಕೊರಳಲ್ಲಿ ಅಳತೆಪಟ್ಟಿ, ತುಟಿಗಳ ನಡುವೆ ನಾಲ್ಕಾರು ಗುಂಡುಸೂಜಿ. ಬಾಯಲ್ಲಿ ಸೂಜಿ ಇಟ್ಟುಕೊಂಡ ಮನುಷ್ಯನಿಗೆ ಸುಳ್ಳು ಹೇಳುವುದು ಸಾಧ್ಯವಿಲ್ಲ ಎಂಬುದು ಅಕ್ಕನ ಸಿದ್ಧಾಂತ. ಮೆತ್ತಗಿನ ಮನುಷ್ಯ. ಆದರೆ ಅವನ ಹೊಲಿಗೆ ಮಾತ್ರ ಮೆತ್ತಗಿನದಲ್ಲ. ಪ್ರತಿ ಹೊಲಿಗೆಯ ಕೊನೆಗೆ ಬಂದಾಗ ಮೆಷಿನ್ನನ್ನು ಹಿಂದಕ್ಕೆ ಓಡಿಸಿ ಅದೇ ದಾರಿಯಲ್ಲಿ ಇನ್ನೊಮ್ಮೆ ಹೊಲಿಯದೆ ದಾರ ಕತ್ತರಿಸುವುದಿಲ್ಲ. "ಪ್ಯಾಂಟು ಹರಿದು ಮಣ್ಣಾದ್ರೂ ಇವನು ಹಾಕಿದ ಗುಂಡಿ ಬೀಳಲ್ಲ ಕಣ್ರೀ" ಎಂದು ಗಿರಾಕಿಗಳು ಹೇಳಿಕೊಂಡು ತಿರುಗುತ್ತಾರೆ.

ಮನೆಯ ಪಕ್ಕದ ಓಣಿಯಲ್ಲಿ, ತಗಡಿನ ಕೆಳಗೆ, ಅವಳ ಕಾರು ನಿಂತಿರುತ್ತದೆ. ಡಿಪೋದ ಮೆಕ್ಯಾನಿಕ್ಕೊಬ್ಬ ನಿವೃತ್ತನಾಗುವಾಗ ಮಾರಿದ ಹಳೆಯ ಸಣ್ಣ ಕಾರು. ಕಾರಿನ ಜೊತೆ ವಿದ್ಯೆಯನ್ನೂ ಅವನೇ ಕೊಟ್ಟುಹೋದ. ಎಣ್ಣೆ ಬದಲಿಸುವುದು, ಬ್ರೇಕಿನ ಪಟ್ಟಿ ನೋಡುವುದು, ಚಕ್ರಗಳನ್ನು ಹಿಂದುಮುಂದು ಮಾಡುವುದು, ಎಲ್ಲವೂ ಅಕ್ಕನೇ. ಬ್ರೇಕಿನ ಮೇಲೆ ಅವಳಿಗೆ ವಿಶೇಷ ಅನುಮಾನ. ಅದಕ್ಕೇ ರಜೆಯ ದಿನ ಬಂತೆಂದರೆ ಬೇಕಿರಲಿ ಬೇಡದಿರಲಿ ಒಂದಾದರೂ ಚಕ್ರ ಬಿಚ್ಚಿ ಒಳಗೆ ಇಣುಕಿ ನೋಡಲೇಬೇಕು. "ಹುಷಾರಿಲ್ಲದ ಮಗುವಿಗೂ ಇಷ್ಟು ಸಲ ಬಾಯಿ ತೆಗೆಸಲ್ಲ" ಎಂದು ಟೈಲರ್ ಗೊಣಗುತ್ತಿದ್ದ.

ಅಂಥ ಒಂದು ರಜೆಯ ದಿನ ಮುಂದಿನ ಚಕ್ರದ ನಟ್ಟುಗಳು ಜಪ್ಪಯ್ಯ ಅನ್ನಲಿಲ್ಲ. ಸ್ಪ್ಯಾನರ್ ಹಾಕಿ ಎಳೆದಳು. ಮಂಡಿಯೂರಿ ಎಳೆದಳು. ಎದ್ದುನಿಂತು, ಸೆರಗಿಗೆ ಕೈ ಒರೆಸಿಕೊಂಡು, ಮತ್ತೆ ಎಳೆದಳು. ಐದರಲ್ಲಿ ಒಂದೂ ಅಲುಗಲಿಲ್ಲ.

ಅನುಮಾನ ಮೊದಲು ಹೋದದ್ದು ಗಾಳಿಯ ಮೇಲೆ. ಗಾಳಿ ಎಂದರೆ ಬೀದಿಯ ತಿರುವಿನಲ್ಲಿ ಟಯರಿಗೆ ಗಾಳಿ ತುಂಬುವ, ಪಂಕ್ಚರ್ ಹಾಕುವ ಮನುಷ್ಯ. ಮಾತೂ ಹಾಗೇ, ಗಾಳಿ. ಕೆಲವು ವಾರಗಳ ಹಿಂದೆ ಒಂದು ಪಂಕ್ಚರಿಗೆ ಅವನೇ ಚಕ್ರ ತೆಗೆದು ಗಾಳಿಗನ್ನಿನಿಂದ ನಟ್ಟು ಕೂರಿಸಿದ್ದ. ಅಕ್ಕ ಕಾರನ್ನು ಅಲ್ಲಿಗೇ ಓಡಿಸಿಕೊಂಡು ಹೋದಳು.

"ಬೇಕು ಅಂತಾನೇ ಇಷ್ಟು ಬಿಗಿ ಮಾಡಿದ್ದೀಯಾ ಅಲ್ವಾ? ನಾನು ಮತ್ತೆ ನಿನ್ನ ಹತ್ರಾನೇ ಬರಲಿ ಅಂತ?"

ಗಾಳಿ ಗನ್ನು ಹಿಡಿದು ನಟ್ಟು ಬಿಚ್ಚುವುದಕ್ಕೆ ಹೋದ. ಅದೂ ಎರಡು ಸಲ ಗುರ್ ಎಂದು ತಡೆದ ಮೇಲೆಯೇ ನಟ್ಟು ತಿರುಗಿದ್ದು. ಅವನು ಹುಬ್ಬೇರಿಸಿದ. "ನನ್ನ ಕೈ ಅಲ್ಲ ಅಕ್ಕಾ ಇದು. ಯಾವನೋ ಭೀಮ ಮಾಡಿರೋ ಕೆಲಸ. ಯಾರಿಗೆ ಸಿಟ್ಟು ತರಿಸಿದ್ದೀರಿ?"

"ಬಿಚ್ಚಿದೆಯಲ್ಲ, ಸಾಕು. ವಾಪಸ್ ಕೂರಿಸೋದು ನಾನು. ನೀನು ದೂರ ನಿಲ್ಲು."

ತನ್ನ ಸ್ಪ್ಯಾನರಿನಿಂದ, ತನ್ನ ಕೈಯಾರೆ, ಒಂದು ಬಿಟ್ಟು ಒಂದರಂತೆ ಐದನ್ನೂ ಬಿಗಿ ಮಾಡಿಕೊಂಡು ಮನೆಗೆ ಬಂದಳು. ಮುಂದಿನ ರಜೆಯ ದಿನ ಬಿಚ್ಚಲು ಕೂತರೆ ಮತ್ತೆ ಅದೇ ಕತೆ. ಐದು ನಟ್ಟುಗಳೂ ಬೆಸುಗೆ ಹಾಕಿದಂತೆ ಕೂತಿದ್ದವು.

ಈಗ ಗಾಳಿಯನ್ನು ದೂರುವ ಹಾಗಿರಲಿಲ್ಲ. ಬಿಗಿ ಮಾಡಿದ ಕೈ ಅವಳದೇ. ಬಿಚ್ಚಲಾರದ ಕೈಯೂ ಅವಳದೇ.

ತಗಡಿನ ನೆರಳಿನಲ್ಲಿ ಅವಳು ಬಹಳ ಹೊತ್ತು ಬಲಗೈಯನ್ನು ನೋಡುತ್ತ ಕೂತಳು. ಅವಳ ತಾಯಿಯ ಕೈ ಇದೇ ವಯಸ್ಸಿನಲ್ಲಿ ಹೋಗಿತ್ತು. ಮೊದಲು ಪಾತ್ರೆ ಜಾರುತ್ತಿತ್ತು, ಆಮೇಲೆ ಬಾಚಣಿಗೆ, ಕೊನೆಗೆ ಮುಷ್ಟಿ ಕಟ್ಟಲೂ ಬಾರದೆ ಬೆರಳುಗಳು ಬಾಡಿದ ಬಳ್ಳಿಯ ಹಾಗೆ ಮಡಿಲಲ್ಲಿ ಬಿದ್ದಿರುತ್ತಿದ್ದವು. ಅಕ್ಕ ಬೆರಳುಗಳನ್ನು ಮಡಚಿದಳು, ಬಿಡಿಸಿದಳು. ನೋವಿಲ್ಲ. ನಡುಕವೂ ಇಲ್ಲ. ಆದರೆ ಟಿಕೆಟ್ ಇಲ್ಲದವನ ಮುಖದಲ್ಲೂ ಏನೂ ಕಾಣಿಸುವುದಿಲ್ಲ. ಮೊದಲ ಸಲ ಅವಳು ತನ್ನ ಕೈಯನ್ನೇ ಒಬ್ಬ ಅಪರಿಚಿತ ಪ್ರಯಾಣಿಕನಂತೆ ನೋಡಿದಳು.

ಅದೇ ವಾರ ಹೊಸ ಪ್ಯಾಂಟು ತೊಟ್ಟ ಡಿಪೋ ಮ್ಯಾನೇಜರು ಕರೆಸಿ, ಬಹಳ ಸಮಾಧಾನದ ದನಿಯಲ್ಲಿ ಹೇಳಿದರು: "ಪಾಸ್ ಕೌಂಟರಿನಲ್ಲಿ ಒಂದು ಸೀಟು ಖಾಲಿಯಾಗ್ತಿದೆ. ಫ್ಯಾನಿದೆ, ಮೆತ್ತನೆ ಕುರ್ಚಿ ಇದೆ. ಎಷ್ಟು ದಿನ ಅಂತ ಬಸ್ಸಿಗೆ ಜೋತು ಬೀಳ್ತೀರಿ? ಯೋಚನೆ ಮಾಡಿ ತಿಂಗಳ ಕೊನೇಲಿ ಹೇಳಿ."

ಆ ಮ್ಯಾನೇಜರು ಇಷ್ಟು ವರ್ಷಗಳಲ್ಲಿ ಯಾರಿಗೂ ಕುರ್ಚಿ ಕೊಟ್ಟವರಲ್ಲ. ಅವರ ಎದುರು ನಿಂತವರು ನಿಂತೇ ಮಾತಾಡಿ ಬರಬೇಕು. ಅಂಥವರಿಗೆ ಈ ದಯೆ ಎಲ್ಲಿಂದ ಬಂತು? ತಾನು ಕಂಬಿ ಹಿಡಿಯುವಾಗ ತಡವರಿಸಿದ್ದನ್ನು ಯಾರೋ ನೋಡಿದ್ದಾರೆಯೇ? "ಯೋಚಿಸ್ತೀನಿ ಸಾರ್" ಎಂದು ಹೊರಗೆ ಬಂದಳು. ಮನೆಯಲ್ಲಿ ಬಾಯಿ ಬಿಡಲಿಲ್ಲ. ಸ್ನಾನದ ಮನೆಯಲ್ಲಿ ನಲ್ಲಿಯನ್ನು ಜೋರಾಗಿ ಬಿಟ್ಟುಕೊಂಡು ಅತ್ತಳು. ನಲ್ಲಿಯನ್ನು ನಿಲ್ಲಿಸುವಾಗ ಅದು ಸುಲಭವಾಗಿ ತಿರುಗಿತೋ ಕಷ್ಟದಿಂದಲೋ ಎಂದು ಗಮನಿಸುವುದನ್ನು ಮಾತ್ರ ಮರೆಯಲಿಲ್ಲ.

ಕೈಯ ಸೋಲನ್ನು ಯಾರಿಗೂ ಕಾಣದಂತೆ ಮುಚ್ಚಬೇಕಿತ್ತು. ಕಾರಿನ ಮಟ್ಟಿಗೆ ಅದಕ್ಕೊಂದು ಉಪಾಯವಿತ್ತು: ಬ್ಯಾಟರಿಯ ಇಂಪ್ಯಾಕ್ಟ್ ರೆಂಚ್. ಗಾಳಿಯ ಕೊಳವೆ ಬೇಡ, ಕರೆಂಟಿನ ತಂತಿ ಬೇಡ. ಕೈಯಲ್ಲಿ ಹಿಡಿದು ಗುಂಡಿ ಒತ್ತಿದರೆ ಒಳಗೊಂದು ಸುತ್ತಿಗೆ ಇದ್ದಂತೆ ಬಡಿಬಡಿದು ನಟ್ಟನ್ನು ಸಡಿಲಿಸುತ್ತದೆ. ಅದೊಂದು ಇದ್ದರೆ ಅವಳ ಕೈ ಹೇಗಿದೆ ಎಂದು ಕಾರಿಗೂ ಗೊತ್ತಾಗುವುದಿಲ್ಲ.

ಮೊದಲು ಮೊಬೈಲಿನಲ್ಲಿ ಹುಡುಕಿದಳು. ಚಿತ್ರದಲ್ಲಿ ಎಲ್ಲವೂ ಒಂದೇ ತಾಯಿಯ ಮಕ್ಕಳ ಹಾಗಿದ್ದವು. ಬಣ್ಣ ಬೇರೆ, ಸ್ಟಿಕರ್ ಬೇರೆ. ಕೆಳಗೆ ಕೊಂಡವರ ಹೊಗಳಿಕೆ. ಒಬ್ಬ "ಅದ್ಭುತ" ಅಂದಿದ್ದ, ಮುಂದಿನವನೂ "ಅದ್ಭುತ" ಅಂದಿದ್ದ, ತಪ್ಪು ಕಾಗುಣಿತವೂ ಇಬ್ಬರದು ಒಂದೇ. ಮೂರನೆಯಾಕೆ "ತುಂಬಾ ಮೃದುವಾಗಿದೆ, ಒಗೆದರೂ ಬಣ್ಣ ಹೋಗಲಿಲ್ಲ" ಎಂದು ಬರೆದಿದ್ದಳು. ಅಕ್ಕ ಮೊಬೈಲನ್ನು ಮಗುಚಿ ಇಟ್ಟಳು. ಒಂದು ಬಸ್ಸಿನ ಪ್ರಯಾಣಿಕರೆಲ್ಲ ಒಂದೇ ನಂಬರಿನ ಟಿಕೆಟ್ ತೋರಿಸಿದರೆ ಹೇಗೋ, ಹಾಗಿತ್ತು ಅದು.

ಡ್ಯೂಟಿ ಮುಗಿದ ಒಂದು ಮಧ್ಯಾಹ್ನ ಪೇಟೆಯ ಹತಾರದ ಅಂಗಡಿಗೆ ಹೋದಳು. ಗೋಡೆಯ ತುಂಬ ನೇತಾಡುವ ಗರಗಸ, ಸುತ್ತಿಗೆ, ಇಕ್ಕಳಗಳ ನಡುವೆ ದಪ್ಪ ಕನ್ನಡಕದ, ಅಗಲ ಭುಜದ ಮಾಲೀಕ ಕೂತಿದ್ದ. ಅವನು ನಗಲಿಲ್ಲ, ಬನ್ನಿ ಅನ್ನಲಿಲ್ಲ, ಕೂತುಕೊಳ್ಳಿ ಅನ್ನಲಿಲ್ಲ. ಅಕ್ಕನಿಗೆ ಸ್ವಲ್ಪ ನಂಬಿಕೆ ಬಂತು.

"ಕಾರಿನ ಚಕ್ರಕ್ಕೆ. ಮನೆ ಕೆಲಸಕ್ಕೆ" ಎಂದಳು.

ಕನ್ನಡಕದವನು ಮೂರು ಪೆಟ್ಟಿಗೆ ಇಟ್ಟ. ಚಿಕ್ಕದೊಂದು, ಮಧ್ಯದ್ದೊಂದು, ತೋಳಿನಷ್ಟು ದೊಡ್ಡದೊಂದು. "ಚಿಕ್ಕದು ಎಂಜಿನ್ನಿನ ಸಂದಿಗೆ. ಚಕ್ರದ ನಟ್ಟಿಗೆ ಉಬ್ಬಸ ಪಡುತ್ತೆ. ದೊಡ್ಡದು ಲಾರಿಯವರಿಗೆ. ನಿಮಗೆ ಮಧ್ಯದ್ದು."

"ದೊಡ್ಡದನ್ನ ಯಾಕೆ ಮಾರ್ತಿಲ್ಲ ನನಗೆ? ಅದರಲ್ಲಿ ಲಾಭ ಜಾಸ್ತಿ ತಾನೇ?"

"ಅದರಲ್ಲಿ ನಿಮ್ಮ ಬೋಲ್ಟು ಕಡ್ಡಿ ಥರ ಮುರಿಯುತ್ತೆ. ಆಮೇಲೆ ನನ್ನ ಅಂಗಡಿ ಮುಂದೆ ನಿಂತು ಕೂಗಾಡೋದು ನೀವೇ ಅಲ್ವಾ?"

ಪೆಟ್ಟಿಗೆಯ ಮೇಲೆ ಎರಡು ಅಂಕಿಗಳಿದ್ದವು. ಒಂದು ದೊಡ್ಡಕ್ಷರದಲ್ಲಿ, ಇನ್ನೊಂದು ಇರುವೆಯ ಹಾಗೆ. ಅಕ್ಕ ಇರುವೆಯ ಮೇಲೆ ಬೆರಳಿಟ್ಟಳು. "ಇದನ್ನ ಯಾಕೆ ಮುಚ್ಚಿಟ್ಟಿದ್ದಾರೆ?"

"ದೊಡ್ಡದು ಬಿಚ್ಚೋ ಬಲ. ಚಿಕ್ಕದು ಬಿಗಿ ಮಾಡೋ ಬಲ. ಎಲ್ಲಾ ಕಂಪನಿಯವರೂ ದೊಡ್ಡದನ್ನೇ ದೊಡ್ಡದಾಗಿ ಬರೀತಾರೆ."

"ಬಿಚ್ಚೋಕೆ ಯಾಕೆ ಅಷ್ಟು ಬಲ?"

"ಬಿಚ್ಚೋದು ಯಾವತ್ತೂ ಕಷ್ಟ ಅಲ್ವಾ ಅಕ್ಕಾ, ಮದುವೆ ಥರ." ಅವನು ಈಗಲೂ ನಗಲಿಲ್ಲ. "ಒಂದು ಮಾತು ನೆನಪಿಡಿ. ಬಿಚ್ಚೋಕೆ ಮೆಷಿನ್ನು, ಬಿಗಿ ಮಾಡೋಕೆ ಕೈ. ಮೆಷಿನ್ನಲ್ಲಿ ಸುಮ್ಮನೆ ನಟ್ಟು ಕೂರಿಸಿ, ಕೊನೆ ಬಿಗಿ ಮಾತ್ರ ಕೈಯಲ್ಲೇ ಕೊಡಿ. ಇಲ್ಲಾಂದ್ರೆ ಎಷ್ಟು ಬಿಗಿಯಾಯ್ತು ಅಂತ ದೇವರಿಗೂ ಗೊತ್ತಾಗಲ್ಲ."

ಕೈ ಅನ್ನುವ ಮಾತು ಅವಳಿಗೆ ಚುಚ್ಚಿತು. ತೋರಿಸಿಕೊಳ್ಳಲಿಲ್ಲ. ರೆಂಚಿನ ತುದಿಗೆ ಸಿಕ್ಕಿಸುವ ಸಾಕೆಟ್ಟುಗಳಲ್ಲಿ ಹೊಳೆಯುವವನ್ನು ಎತ್ತಿಕೊಂಡಳು, ಅವನು ಕಸಿದು ಕಪ್ಪನೆಯವನ್ನು ಇಟ್ಟ: ಬಡಿತಕ್ಕೆ ಹೊಳೆಯುವುದು ಸೀಳುತ್ತದೆ, ಕಪ್ಪು ತಡೆದುಕೊಳ್ಳುತ್ತದೆ. ಕೌಂಟರಿನ ಮೇಲೆ ಕಬ್ಬಿಣದ ಹಲಗೆಯೊಂದಕ್ಕೆ ಸಾಲಾಗಿ ಬೋಲ್ಟು ಜಡಿದಿತ್ತು. ಮಧ್ಯದ ರೆಂಚನ್ನು ಹಿಡಿದು ಅವನು ಟರ್ರ್ ಎಂದು ಒಂದು ನಟ್ಟು ಬಿಚ್ಚಿ ತೋರಿಸಿದ.

"ಇವೆಲ್ಲ ನೀವು ಸಾಕಿದ ನಟ್ಟುಗಳು" ಎಂದಳು ಅಕ್ಕ. "ನೀವು ಕರೆದ ಕೂಡಲೇ ಬರ್ತಾವೆ. ಒಂದು ಸ್ಪ್ಯಾನರ್ ಕೊಡಿ, ನಾನು ಬಿಗಿ ಮಾಡ್ತೀನಿ. ಬ್ಯಾಟರಿನೂ ಅದಲ್ಲ, ನನಗೆ ಕೊಡೋ ಪೆಟ್ಟಿಗೇಲಿ ಇರೋದನ್ನೇ ಹಾಕಿ."

ಕನ್ನಡಕದವನು ನಿಟ್ಟುಸಿರು ಬಿಟ್ಟು ಸ್ಪ್ಯಾನರ್ ಕೊಟ್ಟ. ಮನೆಯಲ್ಲಿ ಮಾಡುವ ಹಾಗೆಯೇ, ಉಸಿರು ಬಿಗಿಹಿಡಿದು, ಎರಡು ನಟ್ಟುಗಳನ್ನು ಅವಳು ಬಿಗಿ ಮಾಡಿದಳು. ಹೊಸ ಬ್ಯಾಟರಿಯ ರೆಂಚು ಒಂದನ್ನು ಕ್ಷಣದಲ್ಲಿ ಬಿಚ್ಚಿತು.

"ಇನ್ನೊಂದನ್ನ ನಾನು ಕೈಯಲ್ಲಿ ಬಿಚ್ತೀನಿ ನೋಡಿ. ಕೈಗೂ ಮೆಷಿನ್ನಿಗೂ ಎಷ್ಟು ವ್ಯತ್ಯಾಸ ಅಂತ ಗೊತ್ತಾಗಲಿ" ಎಂದು ಅವನು ಸ್ಪ್ಯಾನರ್ ಹಾಕಿದ. ಎಳೆದ. ಕಾಲು ಅಗಲಿಸಿ ನಿಂತು ಎಳೆದ. ಕನ್ನಡಕ ಮೂಗಿನ ತುದಿಗೆ ಜಾರಿತು. ಕಿವಿಗಳು ಕೆಂಪಾದವು. ನಟ್ಟು ಅಲುಗಲಿಲ್ಲ.

"ಅಕ್ಕಾ, ನಿಮಗೆ ಮೆಷಿನ್ ಯಾಕೆ?" ಎಂದ, ಏದುಸಿರು ಬಿಡುತ್ತ.

ಗಿರಾಕಿಯ ಮುಂದೆ ಸೋತು ತೋರಿಸುವುದೂ ಒಂದು ವ್ಯಾಪಾರವಿರಬಹುದು ಎಂದು ಅಕ್ಕನಿಗೆ ಅನ್ನಿಸಿತು. ಅವಳೇ ಸ್ಪ್ಯಾನರ್ ತೆಗೆದುಕೊಂಡಳು. ಅದೇ ನಟ್ಟಿಗೆ ಹಾಕಿ, ಭುಜ ಬಗ್ಗಿಸಿ, ಒಮ್ಮೆ ಜಗ್ಗಿದಳು. ಕಿರ್ ಎಂದು ನಟ್ಟು ತಿರುಗಿತು.

ಅವಳು ಸ್ಪ್ಯಾನರನ್ನು ಹಿಡಿದುಕೊಂಡೇ ನಿಂತುಬಿಟ್ಟಳು. ತಾನು ಬಿಗಿ ಮಾಡಿದ್ದನ್ನು ತಾನು ಬಿಚ್ಚಬಲ್ಲೆ. ಹಾಗಾದರೆ ಮನೆಯ ಕಾರಿನ ನಟ್ಟುಗಳನ್ನು ತಾನು ಬಿಗಿ ಮಾಡಿದ ಮೇಲೆ ಯಾರೋ ಇನ್ನಷ್ಟು ಬಿಗಿ ಮಾಡಿದ್ದಾರೆ.

ಕೈಯ ಮೇಲಿದ್ದ ಅನುಮಾನ ಕೈ ಬಿಟ್ಟು ಬೀದಿಗೆ ಹೊರಟಿತು. ರೆಂಚನ್ನು ಕೊಂಡೇ ಕೊಂಡಳು, ಏಕೆಂದರೆ ಆ ಭೀಮ ಬಿಗಿ ಮಾಡಿದ ನಟ್ಟುಗಳು ಇನ್ನೂ ಹಾಗೇ ಇದ್ದವು. ಮನೆಗೆ ಬಂದು ಯಾರಿಗೂ ಹೇಳದೆ ಕಾರಿನ ಡಿಕ್ಕಿಯಲ್ಲಿ ಹಳೆಯ ಕಂಬಳಿಯ ಕೆಳಗೆ ಅದನ್ನು ಮುಚ್ಚಿಟ್ಟಳು.

ಸಂಜೆ ಟೈಲರ್ ಹೊಲಿದ ಬಟ್ಟೆಗಳನ್ನು ಕೊಟ್ಟುಬರಲು ಹೋದಾಗ ಕೆಲಸಕ್ಕೆ ಇಳಿದಳು. ರೆಂಚು ಬಡಿದು ಬಡಿದು ಐದು ನಟ್ಟುಗಳನ್ನೂ ಸಡಿಲಿಸಿತು. ಮತ್ತೆ ಕೈಯಲ್ಲೇ ಬಿಗಿ ಮಾಡಿದಳು. ಅನಂತರ ಗಂಡನ ಡಬ್ಬಿಯಿಂದ ಬಟ್ಟೆಗೆ ಗುರುತು ಹಾಕುವ ಬಿಳಿಯ ಸೀಮೆಸುಣ್ಣವನ್ನು ತಂದು, ಪ್ರತಿ ನಟ್ಟಿನ ಮೇಲಿಂದ ಚಕ್ರದ ಲೋಹದವರೆಗೆ ಒಂದು ನೇರ ಗೆರೆ ಎಳೆದಳು. ಡಿಪೋದಲ್ಲಿ ದೊಡ್ಡ ಬಸ್ಸುಗಳಿಗೆ ಹಳದಿ ಬಣ್ಣದಲ್ಲಿ ಹೀಗೇ ಗೆರೆ ಹಾಕುತ್ತಾರೆ. ನಟ್ಟು ಕೂದಲೆಳೆಯಷ್ಟು ಜರುಗಿದರೂ ಗೆರೆ ಮುರಿಯುತ್ತದೆ.

ಯಾರಿರಬಹುದು? ಓಣಿಗೆ ಬಾಗಿಲಿಲ್ಲ, ಯಾರು ಬೇಕಾದರೂ ಬರಬಹುದು. ಗಾಳಿ ಬಂದು ಬಿಗಿ ಮಾಡಿ ಹೋಗುತ್ತಿದ್ದಾನೆಯೇ? ಏಣಿ ಕೊಡಲಿಲ್ಲವೆಂದು ಪಕ್ಕದ ಮನೆಯವರೇ? ಹಿಂದೊಮ್ಮೆ ಟಿಕೆಟ್ ಕೊಡದೆ ದುಡ್ಡು ಇಟ್ಟುಕೊಂಡಾಗ ಅವಳು ಹಿಡಿದ ಕಂಡಕ್ಟರನೊಬ್ಬ "ನೋಡ್ಕೊಳ್ತೀನಿ" ಅಂದಿದ್ದ, ಅವನೇ?

ಮರುದಿನ ಡ್ಯೂಟಿಯಿಂದ ಬಂದವಳು ಚೀಲವನ್ನೂ ಇಳಿಸದೆ ಚಕ್ರದ ಮುಂದೆ ಕೂತಳು. ಐದು ಗೆರೆಗಳೂ ಮುರಿದಿದ್ದವು. ನಟ್ಟಿನ ಮೇಲಿನ ತುಂಡು ಬಲಕ್ಕೆ ಸರಿದಿತ್ತು. ಬಲಕ್ಕೆ ಎಂದರೆ ಬಿಗಿ. ವೈರಿಯಾಗಿದ್ದರೆ ಸಡಿಲ ಮಾಡಿರಬೇಕಿತ್ತು. ಇದು ಕಳ್ಳ ಬಂದು, ಏನೂ ಮುಟ್ಟದೆ, ಮನೆಗೆ ಇನ್ನೊಂದು ಬೀಗ ಜಡಿದುಹೋದ ಹಾಗಿತ್ತು. ಕೆಟ್ಟವರನ್ನು ಹಿಡಿಯುವುದು ಅವಳಿಗೆ ಗೊತ್ತು. ಈ ಜಾತಿಯ ಮನುಷ್ಯನನ್ನು ಅವಳು ಯಾವ ಬಸ್ಸಿನಲ್ಲೂ ಕಂಡಿರಲಿಲ್ಲ.

ಹೊಸ ಜಾಗದಲ್ಲೇ ಹೊಸ ಗೆರೆ ಎಳೆದಳು, ಈ ಸಲ ಇನ್ನೂ ದಪ್ಪವಾಗಿ. ಬೆಳಿಗ್ಗೆ ಕೋಟು ಹಾಕಿಕೊಂಡು, "ಬರ್ತೀನ್ರೀ" ಎಂದು ಕೂಗಿ, ಬೀದಿಯ ತಿರುವಿನ ತನಕ ಹೋಗಿ, ಗಾಳಿಯ ಅಂಗಡಿಯ ಹಿಂದೆ ನಿಂತಳು. ಗಾಳಿ ಅಲ್ಲೇ ಟ್ಯೂಬು ನೀರಿಗೆ ಅದ್ದುತ್ತ ಕೂತಿದ್ದ. ಹಾಗಾದರೆ ಅವನಲ್ಲ. "ಏನಕ್ಕಾ, ಇಲ್ಲಿ ಬಸ್ಸು ಬರಲ್ವಲ್ಲ?" ಎಂದ. "ಬಾಯಿ ಮುಚ್ಕೊಂಡು ಗಾಳಿ ಬಿಡು" ಎಂದು ಹಿಂದಿನ ಸಂದಿಯಿಂದ ಮನೆಯ ಓಣಿಗೆ ನುಗ್ಗಿದಳು.

ಕಾರಿನ ಪಕ್ಕದಲ್ಲಿ, ಚಕ್ರದಿಂದ ಅಡ್ಡಲಾಗಿ ಚಾಚಿದ ಸ್ಪ್ಯಾನರಿನ ಹಿಡಿಯ ಮೇಲೆ, ಚಪ್ಪಲಿ ಬಿಚ್ಚಿ, ಎರಡೂ ಪಾದ ಊರಿ, ಕಾರಿನ ಚಾವಣಿ ಹಿಡಿದು, ಕೊರಳಲ್ಲಿ ಅಳತೆಪಟ್ಟಿ ತೂಗಾಡಿಸುತ್ತ, ಮರದ ಕೊಂಬೆಯ ಮೇಲಿನ ಹಕ್ಕಿಯ ಹಾಗೆ ಅವಳ ಗಂಡ ಕುಪ್ಪಳಿಸುತ್ತಿದ್ದ. ಪ್ರತಿ ಕುಪ್ಪಳಕ್ಕೂ ನಟ್ಟು ಕೀರ್ ಅನ್ನುತ್ತಿತ್ತು.

ಅಕ್ಕನ ಬಾಯಿಂದ ಅಭ್ಯಾಸಬಲದಿಂದ ಬಂದದ್ದು ಒಂದೇ ಮಾತು: "ಟಿಕೆಟ್?"

ಟೈಲರ್ ತಿರುಗಿದ. ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಆಮೇಲೆ, ಬಾಯಲ್ಲಿದ್ದ ಗುಂಡುಸೂಜಿಗಳನ್ನು ಅಂಗೈಗೆ ಉಗಿದು, ಸ್ವಲ್ಪ ನಕ್ಕ. "ಬಂದ್ಯಾ? ಬಾ, ಕೂತ್ಕೋ."

"ಎಷ್ಟು ದಿನದಿಂದ ನಡೀತಿದೆ ಇದು?"

"ಚಕ್ರ ಬಿಚ್ಚಿ ಹಾಕಿದಾಗೆಲ್ಲ. ಕೊನೇಲಿ ಒಂದು ಸಲ ಹಿಂದಕ್ಕೆ ಹೋಗಿ ಹೊಲಿದ್ರೆ ಸಮಾಧಾನ ಅಷ್ಟೆ."

"ಗೆರೆ ಎಳೆದಿದ್ದೆನಲ್ಲ, ಅದೂ ಕಾಣಲಿಲ್ವಾ ಕಣ್ಣಿಗೆ?"

"ಕಾಣದೆ ಏನು? ಗೆರೆ ಇದ್ದ ಕಡೆ ಹೊಲಿಗೆ ಬೇಕು ಅಂತ ತಾನೇ ಅರ್ಥ? ನಿನಗೇ ಅನುಮಾನ ಬಂದು ನನಗೆ ಗುರುತು ಹಾಕಿಟ್ಟಿದ್ದೀಯ ಅಂದ್ಕೊಂಡೆ. ಇವತ್ತು ನೋಡಿದ್ರೆ ಇನ್ನೂ ದಪ್ಪ ಗೆರೆ. ಸಾಲಲಿಲ್ಲ ಅಂತ ಹೇಳ್ತಿದ್ದೀಯ ಅಂತ..."

ಅವಳಿಗೆ ನಗು ಬರಬೇಕಿತ್ತು. ಬರಲಿಲ್ಲ. ಕಾರಿನ ಬಾನೆಟ್ಟಿಗೆ ಒರಗಿದಳು. "ನನ್ನ ಕೈ ಹೋಯ್ತು ಅಂದ್ಕೊಂಡಿದ್ದೆ ನಾನು. ಅಮ್ಮನ ಕೈ ಹೋದ ಹಾಗೆ. ಯಾರಿಗೂ ಹೇಳದೆ ಅತ್ತಿದ್ದೀನಿ ರೀ, ಗೊತ್ತಾ ನಿಮಗೆ?"

ಟೈಲರ್ ಸ್ಪ್ಯಾನರಿನಿಂದ ಇಳಿದ. ಚಪ್ಪಲಿಯನ್ನು ಕಾಲಿನಿಂದ ಹುಡುಕಿದ, ಸಿಗಲಿಲ್ಲ. "ನಾನೂ ಹಾಗೇ ಅಂದ್ಕೊಂಡಿದ್ದೆ" ಎಂದ ಮೆಲ್ಲಗೆ. "ಅವತ್ತು ಹಾಲಿನ ಪಾತ್ರೆ ಜಾರಿತಲ್ಲ ನಿನ್ನ ಕೈಯಿಂದ. ಅತ್ತೆಗೂ ಶುರುವಾಗಿದ್ದು ಪಾತ್ರೆಯಿಂದಾನೇ."

"ಗ್ರೀಸ್ ಇತ್ತು ಕೈಲಿ! ಚಕ್ರ ಬಿಚ್ಚಿ ಬಂದು ಕೈ ತೊಳೆಯದೆ ಹಿಡಿದಿದ್ದೆ! ಒಂದು ಮಾತು ಕೇಳೋಕೆ ಏನಾಗಿತ್ತು?"

"ಕೇಳಿದ್ರೆ ನನ್ನ ಮೇಲೇ ಅನುಮಾನ ಪಡ್ತಿದ್ದೆ."

"ಪಟ್ಟಿದ್ರೆ ಮೊದಲನೇ ದಿನವೇ ಸಿಕ್ಕಿಬೀಳ್ತಿದ್ರಿ!"

ಅಷ್ಟರಲ್ಲಿ ಅವಳ ತಲೆಯಲ್ಲಿ ಇನ್ನೊಂದು ಗೆರೆ ಮುರಿಯಿತು. ಡಿಪೋ ಮ್ಯಾನೇಜರು ಅವಳನ್ನು ಕರೆಸಿದ ದಿನ ಹಾಕಿಕೊಂಡಿದ್ದ ಹೊಸ ಪ್ಯಾಂಟು. ಅದರ ಹೊಲಿಗೆ ಅವಳಿಗೆ ಗೊತ್ತಿದ್ದ ಹೊಲಿಗೆ.

"ಮ್ಯಾನೇಜರಿಗೆ ಏನು ಹೇಳಿದ್ರಿ?"

ಟೈಲರ್ ಸೂಜಿಗಳನ್ನು ಮತ್ತೆ ಬಾಯಿಗೆ ಹಾಕಿಕೊಳ್ಳಲು ಹೋದ. ಅವಳು ಅವನ ಮಣಿಕಟ್ಟು ಹಿಡಿದಳು. "ಸೂಜಿ ಆಮೇಲೆ. ಮೊದಲು ಮಾತು."

"ಸೊಂಟದ ಅಳತೆ ತಗೊಳ್ತಿದ್ದೆ. 'ಮನೇಲಿ ಹೇಗಿದ್ದಾರೆ' ಅಂತ ಕೇಳಿದ್ರು. ಬಾಯಿ ತಪ್ಪಿ... ಕೈ ಸ್ವಲ್ಪ ಸೋತಿದೆ, ಬಸ್ಸು ಹತ್ತೋವಾಗ ಭಯ ಆಗುತ್ತೆ ಅಂದುಬಿಟ್ಟೆ." ಆಮೇಲೆ ಅವನ ಮುಖ ಸಣ್ಣದಾಯಿತು. "ಕೈ ಬಿಡು, ನೋಯ್ತಿದೆ."

ಅವಳು ಕೈ ಬಿಟ್ಟು ನೋಡಿದಳು. ತನ್ನ ಬಲಗೈಯ ಐದು ಬೆರಳುಗಳು ಅವನ ಮಣಿಕಟ್ಟಿನ ಮೇಲೆ ಕೆಂಪಾಗಿ ಮೂಡಿದ್ದವು. ಅವನು ಆ ಕೈಯನ್ನೇ ತೆಗೆದುಕೊಂಡು, ಗಿರಾಕಿ ತಂದ ಬಟ್ಟೆಯನ್ನು ಪರೀಕ್ಷಿಸುವ ಹಾಗೆ ಹೆಬ್ಬೆರಳು ತೋರುಬೆರಳುಗಳ ನಡುವೆ ಅಂಗೈಯ ಅಂಚನ್ನು ಉಜ್ಜಿ ನೋಡಿದ.

"ಗಟ್ಟಿ ಮಾಲು" ಎಂದ. "ನಾನೇ ಅಳತೆ ತಪ್ಪಿದ್ದು."

ಅವಳು ಡಿಕ್ಕಿ ತೆಗೆದು ಕಂಬಳಿ ಎತ್ತಿ ರೆಂಚನ್ನು ಹೊರಗೆ ತಂದಳು. ಈಗ ನೋಡುವ ಸರದಿ ಅವನದು. "ಇದು ಯಾವಾಗ ಬಂತು ಮನೆಗೆ? ನನಗೆ ಹೇಳದೆ?" ಎಂದ. "ಪೂರಾ ಮನೇಲಿ ನೀವೊಬ್ರೇ ಮುಚ್ಚಿಡಬೇಕು ಅಂತ ಇದೆಯಾ?" ಎಂದಳು.

ರೆಂಚು ನಾಲ್ಕು ನಟ್ಟುಗಳನ್ನು ಬಿಚ್ಚಿತು. ಐದನೆಯದು, ಈಗಷ್ಟೇ ಅವನು ಕುಪ್ಪಳಿಸಿದ್ದು, ಬಡಿತಕ್ಕೆ ಬಗ್ಗದೆ ಗುರ್ರೆಂದು, ಕೊನೆಗೆ ಪಟ್ ಎಂದಿತು. ನಟ್ಟಿನ ಜೊತೆ ಬೋಲ್ಟೂ ಅರ್ಧಕ್ಕೆ ಮುರಿದು ನೆಲಕ್ಕೆ ಬಿತ್ತು. ಟೈಲರ್ ಆ ತುಂಡನ್ನು ಎತ್ತಿ, ಮುರಿದ ಅಂಚನ್ನು ಬೆರಳಲ್ಲಿ ಸವರಿ, ಬಿಳಿಚಿಕೊಂಡ. ದಾರ ಹೆಚ್ಚು ಎಳೆದರೆ ಬಟ್ಟೆ ಸುಕ್ಕಾಗುತ್ತದೆ, ಇನ್ನೂ ಎಳೆದರೆ ದಾರವೇ ತುಂಡಾಗುತ್ತದೆ ಎಂದು ಶಿಷ್ಯರಿಗೆ ಬೈದು ಬೈದು ಕಲಿಸುವವನು ಅವನು. "ರಸ್ತೇಲಿ ಮುರಿದಿದ್ರೆ?" ಎಂದ. "ನೀನು ಒಳಗಿದ್ದಾಗ ಮುರಿದಿದ್ರೆ?" ಅದನ್ನು ಕೇಳಿ ಅವಳ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧವನ್ನು ಅವಳು ಬೇಕೆಂದೇ ಉಳಿಸಿಕೊಂಡಳು.

ಹೊಸ ಬೋಲ್ಟು ಕೂರಿಸುವುದಕ್ಕೆ ಗಾಳಿಯನ್ನೇ ಕರೆಯಬೇಕಾಯಿತು. ಅವನು ಮುರಿದ ತುಂಡನ್ನೂ ಬರಿಗಾಲಿನಲ್ಲಿ ನಿಂತ ಟೈಲರನನ್ನೂ ಒಮ್ಮೆ ನೋಡಿದ. ಅವನಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ.

"ಅಕ್ಕಾ, ಆ ಭೀಮ ಇವರೇನಾ? ನಾನು ಇನ್ನೂ ದಪ್ಪಗಿರ್ತಾನೆ ಅಂದ್ಕೊಂಡಿದ್ದೆ."

"ನಿನ್ನ ಮೇಲೆ ಅನುಮಾನ ಪಟ್ಟಿದ್ದು ತಪ್ಪಾಯ್ತಪ್ಪ" ಎಂದಳು ಅಕ್ಕ. ಆ ಮಾತು ಅವಳ ಬಾಯಿಗೆ ಹೊಸದು. ಗಾಳಿಯ ಕಿವಿಗೂ ಹೊಸದು. ಅವನು ಇದರ ಹಿಂದೆ ಏನಿದೆಯೋ ಎಂದು ಅವಳನ್ನೇ ಸಂಶಯದಿಂದ ನೋಡುತ್ತ ಕೆಲಸ ಮುಗಿಸಿ, ಬೇಗಬೇಗ ಹೊರಟುಹೋದ.

ಐದು ನಟ್ಟುಗಳನ್ನು ಅಕ್ಕ ಕೈಯಿಂದ ಬಿಗಿ ಮಾಡಿದಳು. ಟೈಲರನನ್ನು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂರಿಸಿಕೊಂಡೇ ಮಾಡಿದಳು. "ಸಾಕಾ?" ಎಂದು ಕೇಳಿದಳು. ಅವನು ಸ್ಪ್ಯಾನರಿನ ಕಡೆ ನೋಡಿದ, ತನ್ನ ಪಾದಗಳ ಕಡೆ ನೋಡಿಕೊಂಡ, "ಸಾಕು" ಎಂದ. ಆ "ಸಾಕು" ಎಷ್ಟು ನಿಜವೆಂದು ಅವಳಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಪರವಾಗಿಲ್ಲ, ಇನ್ನು ಮೇಲೆ ಅವನ ಮೇಲೂ ಒಂದು ಕಣ್ಣಿಟ್ಟರಾಯಿತು.

ತಡವಾಗಿ ಡಿಪೋಗೆ ಹೋದವಳು ನೇರವಾಗಿ ಮ್ಯಾನೇಜರ ಕೋಣೆಗೆ ಹೋದಳು. ಅವರು ಹೊಸ ಪ್ಯಾಂಟಿನಲ್ಲಿ ಕೂತಿದ್ದರು. ಎದುರಿಗೆ ಎಂದಿನಂತೆ ಕುರ್ಚಿ ಇರಲಿಲ್ಲ.

"ಕೌಂಟರ್ ಸೀಟು ಬೇಡ ಸಾರ್. ನಾನು ಲೈನಲ್ಲೇ ಇರ್ತೀನಿ."

"ಹಟ ಮಾಡಬೇಡಿ. ನಿಮ್ಮ ಯಜಮಾನ್ರೇ ಹೇಳಿದ್ರು, ಕೈ..."

"ಅವರು ಯಾವ ಅಳತೆ ತಗೊಂಡ್ರೂ ಒಂದಿಷ್ಟು ಬಟ್ಟೆ ಒಳಗೆ ಮಡಚಿಟ್ಟೇ ಹೊಲಿಯೋದು ಸಾರ್, ಮುಂದಕ್ಕೆ ಬೇಕಾಗುತ್ತೆ ಅಂತ. ನಿಮ್ಮ ಪ್ಯಾಂಟಿನ ಸೊಂಟದಲ್ಲೂ ಇರುತ್ತೆ, ಬಿಚ್ಚಿ ನೋಡಿ. ನನ್ನ ಕೈಗೂ ಹಾಗೇ ಮಾಡಿದಾರೆ. ಅಷ್ಟು ಮುಂದಕ್ಕೆ ನಾನಿನ್ನೂ ಹೋಗಿಲ್ಲ."

ಮ್ಯಾನೇಜರು ತಮಗರಿವಿಲ್ಲದೆ ಸೊಂಟ ಮುಟ್ಟಿಕೊಂಡರು. "ಆಮೇಲೆ ಕುರ್ಚಿ ಬೇಕು ಅಂದ್ರೆ ಸಿಗಲ್ಲ, ನೋಡಿ."

"ಕೈ ಸೋತ ದಿನ ನಾನೇ ಬಂದು ಹೇಳ್ತೀನಿ. ಬೇರೆ ಯಾರು ಬಂದು ಹೇಳಿದ್ರೂ ನಂಬಬೇಡಿ. ಅಳತೆ ತಗೊಳ್ಳೋಕೆ ಬಂದೋರು ಹೇಳಿದ್ರಂತೂ ನಂಬಲೇಬೇಡಿ." ಅವಳು ಮೇಜಿನ ಮೇಲಿದ್ದ ಡ್ಯೂಟಿ ಚೀಟಿಗಳ ಕಡೆ ಕೈ ಚಾಚಿದಳು. "ಇವತ್ತು ಜಾಸ್ತಿ ತಿರುವು ಇರೋ ಲೈನು ಯಾವುದಿದೆ?"

ಮ್ಯಾನೇಜರು ಚೀಟಿಯನ್ನು ಹಿಡಿದುಕೊಂಡೇ ಅವಳ ಮುಖವನ್ನು ನೋಡಿದರು, ಚಾಚಿದ ಕೈಯನ್ನು ನೋಡಿದರು, ಮತ್ತೆ ಮುಖವನ್ನು ನೋಡಿದರು. ಆಮೇಲೆ, ಇನ್ನೂ ಅರೆಮನಸ್ಸಿನಿಂದ, ಅದನ್ನು ಅವಳ ಬೆರಳುಗಳ ನಡುವೆ ಇಟ್ಟರು.